ಹೆಡ್ ಒಳಗೆ ಮುರಿದ ಎಕ್ಸಾಸ್ಟ್ ಸ್ಟಡ್ ತೆಗೆಯುವುದು ಹೇಗೆ?

ಬೈಕಿನ ಸೈಲೆನ್ಸರ್ ಪೈಪನ್ನು ಇಂಜಿನ್‌ಗೆ ಹಿಡಿದಿಡುವ ನಟ್ ಗಟ್ಟಿಯಾಗಿತ್ತು. ಇನ್ನೊಂಚೂರು ಒತ್ತಿದಿರಿ. ಇದ್ದಕ್ಕಿದ್ದ ಹಾಗೆ ಸಲೀಸಾಗಿ ತಿರುಗಿತು. ‘ಅಬ್ಬಾ, ಬಂತು’ ಅಂದುಕೊಂಡು ಸ್ಪ್ಯಾನರ್ ತೆಗೆದು ನೋಡಿದರೆ ನಟ್ ಜೊತೆ ಅರ್ಧ ಸ್ಟಡ್ಡೂ (ನಟ್ ಕೂರುವ, ತಲೆಯಿಲ್ಲದ ಬೋಲ್ಟ್) ಕೈಗೆ ಬಂದಿದೆ. ಉಳಿದರ್ಧ ಇಂಜಿನ್ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳದ ಭಾಗ) ಒಳಗೆ.

ಈಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದಿರುವುದು. ತಮಾಷೆಗೆ ಹೇಳುತ್ತಿಲ್ಲ. ಸ್ಟಡ್ ಮುರಿದಾಗ ಹೆಡ್‌ಗೆ ಏನೂ ಆಗಿರುವುದಿಲ್ಲ. ಹೆಡ್ ಹಾಳಾಗುವುದು ಆಮೇಲಿನ ಅರ್ಧ ಗಂಟೆಯಲ್ಲಿ, ಸಿಟ್ಟಿನಲ್ಲಿ ಕೈಗೆ ಸಿಕ್ಕ ಡ್ರಿಲ್ ಹಿಡಿದುಕೊಂಡು ಕೂತಾಗ. ಮುರಿದ ಜಾಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕೈ ತೊಳೆದುಕೊಂಡು, ನಾಳೆ ಬನ್ನಿ. ಎಣ್ಣೆ ಒಳಗೆ ಇಳಿಯೋಕೂ ಅಷ್ಟು ಹೊತ್ತು ಬೇಕು.

ಇಲ್ಲಿ ಹೇಳುವ ದಾರಿಗಳನ್ನು ಸುಲಭದ್ದರಿಂದ ಕಷ್ಟದ್ದಕ್ಕೆ ಜೋಡಿಸಿದ್ದೇನೆ. ಪ್ರತಿ ದಾರಿಯಲ್ಲೂ ‘ಇಲ್ಲಿ ನಿಲ್ಲಿಸಿ, ಮುಂದಿನದಕ್ಕೆ ಹೋಗಿ’ ಅನ್ನುವ ಒಂದು ಜಾಗ ಇದೆ. ಆ ಜಾಗ ದಾಟಿದರೆ ಮುಂದಿನ ದಾರಿಯೂ ಮುಚ್ಚಿಹೋಗುತ್ತದೆ.

ಅಷ್ಟು ಗಟ್ಟಿಯಾಗಿ ಹಿಡಿದಿರುವುದು ಏನು?

ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಈ ಎರಡರ ನಡುವೆ ನೀರು, ಉಪ್ಪು, ಕೆಸರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಉಕ್ಕಿನ ತುಕ್ಕೂ ಹಾಗೇ ಊದಿಕೊಳ್ಳುತ್ತದೆ. ಥ್ರೆಡ್ ನಡುವಿನ ಸಂದೆಲ್ಲ ತುಂಬಿ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಜೊತೆಗೆ ಎಕ್ಸಾಸ್ಟ್ ಬಾಯಿ ದಿನಾ ಕಾದು ದಿನಾ ತಣಿಯುವ ಜಾಗ. ಸ್ಟಡ್ ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಬಳಲಿರುತ್ತದೆ.

ಬಿಸಿಯೇ ನಮಗೆ ನೆರವಿಗೂ ಬರುತ್ತದೆ. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಸುಮಾರು 12. ಅಂದರೆ ಹೆಡ್ ಕಾಯಿಸಿದರೆ ತೂತು ಸ್ಟಡ್‌ಗಿಂತ ಬೇಗ ದೊಡ್ಡದಾಗುತ್ತದೆ. ಎಷ್ಟು? 8 ಮಿ.ಮೀ. ತೂತಿಗೆ 150 ಡಿಗ್ರಿ ಬಿಸಿ ಏರಿಸಿದರೆ ಸಿಗುವ ಸಡಿಲ ಬರೀ 13 ಮೈಕ್ರಾನ್. ತಲೆಕೂದಲಿಗಿಂತ ಎಷ್ಟೋ ತೆಳು. ಆದರೆ ತುಕ್ಕಿನ ಹಿಡಿತ ಬಿರುಕು ಬಿಡಲು ಅಷ್ಟು ಸಾಕಾಗುತ್ತದೆ, ಎಣ್ಣೆ ಒಳಗೆ ಇಳಿಯಲೂ ಸಾಕು.

ಶುರು ಮಾಡುವ ಮುಂಚೆ

ಇಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೊದಲು ಸೈಲೆನ್ಸರ್ ಹಿಂದಿನ ಬೋಲ್ಟ್, ಆಮೇಲೆ ಇನ್ನೊಂದು ನಟ್ ತೆಗೆದು ಬೆಂಡ್ ಪೈಪ್ (ಇಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಪೈಪ್) ಹೊರಗಿಡಿ. ಬೆಂಕಿ ಅಥವಾ ವೆಲ್ಡಿಂಗ್ ಬಳಸುವುದಾದರೆ ಪೆಟ್ರೋಲ್ ಟ್ಯಾಂಕ್ ಗಾಡಿ ಮೇಲೆ ಇರಲೇಬಾರದು. ಬಿಚ್ಚಿ ದೂರ ಇಡಿ, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವ ಹಾಗಿರಲಿ.

ಜಾಸ್ತಿ ಜನ ಮರೆಯುವ ಕೆಲಸ ಒಂದಿದೆ: ಎಕ್ಸಾಸ್ಟ್ ವಾಲ್ವ್ ಮುಚ್ಚಿಡುವುದು. ಡ್ರಿಲ್ಲಿನ ಉಕ್ಕಿನ ಪುಡಿ ತೆರೆದ ವಾಲ್ವ್ ಮೂಲಕ ಸಿಲಿಂಡರ್‌ಗೆ ಇಳಿದರೆ ಕಥೆ ಮುಗಿಯಿತು. ಸ್ಪಾರ್ಕ್ ಪ್ಲಗ್ ತೆಗೆದು ಆ ತೂತಿಗೆ ಬೆರಳು ಒತ್ತಿ ಹಿಡಿಯಿರಿ. ಇಂಜಿನ್ ನಿಧಾನವಾಗಿ ಕೈಯಲ್ಲಿ ತಿರುಗಿಸಿ. ಗಾಳಿ ಬೆರಳನ್ನು ತಳ್ಳಲು ಶುರುವಾದರೆ ಪಿಸ್ಟನ್ ಕಂಪ್ರೆಶನ್‌ನಲ್ಲಿ ಮೇಲೆ ಬರುತ್ತಿದೆ ಎಂದರ್ಥ. ತುತ್ತತುದಿಗೆ ಬಂದಾಗ ನಿಲ್ಲಿಸಿ. ಎರಡೂ ವಾಲ್ವ್ ಮುಚ್ಚಿರುತ್ತವೆ. ಪ್ಲಗ್ ವಾಪಸ್ ಹಾಕಿ. ಆಮೇಲೆ ಎಕ್ಸಾಸ್ಟ್ ಬಾಯಿಗೆ ಬಟ್ಟೆ ತುರುಕಿ, ತುದಿ ಹೊರಗೆ ಎದ್ದು ಕಾಣುವಷ್ಟು ಉದ್ದ ಬಿಡಿ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಕಣ್ಣಿಗೆ ಕನ್ನಡಕ ಕಡ್ಡಾಯ. ಈ ಕೆಲಸದಲ್ಲಿ ಮುಖ ಸ್ಟಡ್‌ನ ನೇರಕ್ಕೇ ಇರುತ್ತದೆ, ಸಿಡಿದದ್ದೆಲ್ಲ ಅಲ್ಲಿಗೇ ಬರುತ್ತದೆ.

ಈಗ ಅಳತೆ. ಹೊಸ ಸ್ಟಡ್ ಒಂದನ್ನು ತಂದು ಮುರಿದ ತುಂಡಿನ ಪಕ್ಕ ಇಡಿ. ಉದ್ದದ ವ್ಯತ್ಯಾಸವೇ ಹೆಡ್ ಕಡೆ ಉಳಿದಿರುವ ತುಂಡಿನ ಉದ್ದ. ಹೊರಗೆ ಏನಾದರೂ ಚಾಚಿದ್ದರೆ ಅದನ್ನು ಕಳೆಯಿರಿ. ಈ ಸಂಖ್ಯೆ ಬರೆದಿಟ್ಟುಕೊಳ್ಳಿ, ಡ್ರಿಲ್ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಇದೇ. ದಪ್ಪವೂ ಪಿಚ್ಚೂ ನೋಡಿ (ಪಿಚ್ ಅಂದರೆ ಪಕ್ಕಪಕ್ಕದ ಎರಡು ಥ್ರೆಡ್ ನಡುವಿನ ದೂರ, ಎಂ6 ಅಂದರೆ 6 ಮಿ.ಮೀ. ದಪ್ಪ). ಬೈಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು: 1.0 ಮಿ.ಮೀ. ಪಿಚ್‌ನ ಎಂ6, 1.25 ಪಿಚ್‌ನ ಎಂ8. ಹೆಡ್ ಹಿಂಬದಿಯಿಂದಲೂ ಇಣುಕಿ ನೋಡಿ. ಕೆಲವು ಹೆಡ್‌ಗಳಲ್ಲಿ ಸ್ಟಡ್ ತೂತು ಗಾಳಿಗೆ ತಣಿಯಲು ಇರುವ ಫಿನ್‌ಗಳ ನಡುವೆ ಆಚೆ ತೆರೆದುಕೊಂಡಿರುತ್ತದೆ. ಹಾಗಿದ್ದರೆ ನಿಮ್ಮ ಅದೃಷ್ಟ, ಎಣ್ಣೆಯನ್ನು ಎರಡೂ ಕಡೆಯಿಂದ ಬಿಡಬಹುದು.

ಮೊದಲ ದಾರಿ: ಹೊರಗೆ ಹಿಡಿಯುವಷ್ಟು ತುಂಡು ಇದ್ದರೆ

ತಂತಿ ಬ್ರಷ್‌ನಿಂದ ತುಕ್ಕು ಕೆರೆದು ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಬಿಡಿ. ಆಟೋಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಅರ್ಧರ್ಧ ಬೆರೆಸಿ ಬಳಸುವವರು ತುಂಬಾ ಜನ ಇದ್ದಾರೆ. ಅದೂ ಚೆನ್ನಾಗಿ ಇಳಿಯುತ್ತದೆ. ಆದರೆ ಅಸಿಟೋನ್ ಆವಿಗೆ ತಕ್ಷಣ ಬೆಂಕಿ ಹತ್ತುತ್ತದೆ. ಅದನ್ನು ಬಿಟ್ಟ ದಿನ ಬೆಂಕಿ ಮುಟ್ಟಬೇಡಿ.

ಎಣ್ಣೆ ಬಿಟ್ಟು ಸುಮ್ನೆ ಕಾಯುವುದಕ್ಕಿಂತ ನಡುನಡುವೆ ಸ್ಟಡ್ ತುದಿಗೆ ಚಿಕ್ಕ ಸುತ್ತಿಗೆಯಿಂದ ಟಕಟಕ ತಟ್ಟಿ. ಜೋರಾಗಿ ಬೇಡ. ಬಾಗಿಲು ತಟ್ಟುವಷ್ಟು, ಇಪ್ಪತ್ತು ಮೂವತ್ತು ಸಲ. ಆ ನಡುಕಕ್ಕೆ ತುಕ್ಕಿನಲ್ಲಿ ಸಣ್ಣ ಬಿರುಕು ಬಿದ್ದು ಎಣ್ಣೆಗೆ ದಾರಿಯಾಗುತ್ತದೆ. ದಿನಕ್ಕೆ ಎರಡು ಸಲದಂತೆ ಎರಡು ಮೂರು ದಿನ ಹೀಗೆ ಮಾಡಿದರೆ ನಷ್ಟ ಏನೂ ಇಲ್ಲ.

ಆಮೇಲೆ ಎಣ್ಣೆ ಪೂರ್ತಿ ಒರೆಸಿ, ಸ್ವಲ್ಪ ಹೊತ್ತು ಒಣಗಲು ಬಿಟ್ಟು, ಬಿಸಿ. ಕಾಯಿಸಬೇಕಾದ್ದು ಸ್ಟಡ್ ಅಲ್ಲ, ಅದರ ಸುತ್ತಲಿನ ಹೆಡ್. ಹೀಟ್ ಗನ್ ಸಾಕಾದರೆ ಅದೇ ಒಳ್ಳೆಯದು. ಗ್ಯಾಸ್ ಟಾರ್ಚ್ ಹಿಡಿದರೆ ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸುತ್ತಿರಿ. 150ರಿಂದ 200 ಡಿಗ್ರಿ ಸಾಕು. ನೀರಿನ ಹನಿ ಚಿಮುಕಿಸಿದರೆ ಚುಯ್ ಎಂದು ತಕ್ಷಣ ಹಾರಿಹೋಗಬೇಕು. ಒಂದು ವಿಷಯ ನೆನಪಿರಲಿ: ಅಲ್ಯೂಮಿನಿಯಂ ಉಕ್ಕಿನ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಮೊದಲಿದ್ದ ಬಣ್ಣದಲ್ಲೇ ಇದ್ದು ಒಮ್ಮೆಲೇ ಕುಸಿಯುತ್ತದೆ.

ಬಿಸಿ ಇದ್ದಾಗಲೇ ಒಂದು ಮೇಣದಬತ್ತಿಯನ್ನು ಸ್ಟಡ್ ಬುಡಕ್ಕೆ ಒತ್ತಿ. ಮೇಣ ಕರಗಿ ಥ್ರೆಡ್ ಒಳಗೆ ಎಳೆದುಕೊಳ್ಳುತ್ತದೆ. ಇದು ಹಳೆಯ ಉಪಾಯ. ದುಬಾರಿ ಎಣ್ಣೆ ಸೋತ ಜಾಗದಲ್ಲೂ ಇದು ಗೆದ್ದದ್ದನ್ನು ನೋಡಿದ್ದೇನೆ.

ಈಗ ತಿರುಗಿಸುವುದು. ಥ್ರೆಡ್ ಚೆನ್ನಾಗಿದ್ದು, ಎರಡು ನಟ್ ಕೂರುವಷ್ಟು ಉದ್ದ ಇದ್ದರೆ ಎರಡು ನಟ್ ಹಾಕಿ. ಎರಡನ್ನೂ ಒಂದಕ್ಕೊಂದು ಎದುರಾಗಿ ಬಿಗಿಯಿರಿ. ಸ್ಪ್ಯಾನರ್ ಹಾಕಬೇಕಾದ್ದು ಒಳಗಿನ ನಟ್‌ಗೆ, ಅಂದರೆ ಹೆಡ್ ಕಡೆಯದಕ್ಕೆ. ಹೊರಗಿನದಕ್ಕೆ ಹಾಕಿದರೆ ಅದೊಂದೇ ಬಿಚ್ಚಿಕೊಂಡು ಬರುತ್ತದೆ. ಥ್ರೆಡ್ ಸವೆದಿದ್ದರೆ ಸ್ಟಡ್ ಹಿಡಿಯುವ ರೋಲರ್ ಸಾಕೆಟ್ ಬರುತ್ತದೆ, ಅದು ಒಳ್ಳೆಯ ಹಿಡಿತ ಕೊಡುತ್ತದೆ. ಅದೂ ಇಲ್ಲದಿದ್ದರೆ ಲಾಕ್ ಆಗುವ ಗ್ರಿಪ್ ಪ್ಲೈಯರ್. ಹಿಡಿಯುವ ಮುಂಚೆ ಸ್ಟಡ್‌ನ ಎರಡು ಬದಿಯನ್ನು ಅರದಿಂದ ಚಪ್ಪಟೆ ಮಾಡಿಕೊಂಡರೆ ಪ್ಲೈಯರ್ ಜಾರುವುದಿಲ್ಲ.

ಮೊದಲು ಬಿಗಿಯುವ ಕಡೆಗೆ ಒಂಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ಹಿಂದಕ್ಕೆ, ಮುಂದಕ್ಕೆ. ಶುರು ಮಾಡುವ ಮುಂಚೆ ಸ್ಟಡ್ ಮೇಲೂ ಪಕ್ಕದ ಹೆಡ್ ಮೇಲೂ ಸೇರಿಸಿ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ, ಆದಷ್ಟು ಬುಡಕ್ಕೆ. ಯಾಕೆಂದರೆ ಉಕ್ಕು ತಿರುಚಿಕೊಳ್ಳುತ್ತದೆ. ಕೈಗೆ ತಿರುಗಿದ ಹಾಗೆ ಅನ್ನಿಸಿ, ಬಿಟ್ಟ ತಕ್ಷಣ ಸ್ಪ್ರಿಂಗ್ ಥರ ವಾಪಸ್ ಬಂದರೆ ಸ್ಟಡ್ ತಿರುಗಿಲ್ಲ, ಬರೀ ತಿರುಚಿದೆ. ಗೆರೆ ಸರಿದು ಸರಿದ ಜಾಗದಲ್ಲೇ ನಿಂತರೆ ಮಾತ್ರ ಗೆದ್ದಿರಿ. ಗೆದ್ದ ಮೇಲೂ ಅವಸರ ಬೇಡ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ವಾಪಸ್, ಮತ್ತೆ ಎಣ್ಣೆ. ಮಧ್ಯದಲ್ಲಿ ಬಿಗಿಯಾದರೆ ಮತ್ತೆ ಬಿಸಿ ಮಾಡಿ.

ಎರಡು ಮೂರು ಸಲ ಕಾಯಿಸಿ ತಣಿಸಿದರೂ ಗೆರೆ ಅಲ್ಲಾಡದಿದ್ದರೆ ಇಲ್ಲಿಗೆ ನಿಲ್ಲಿಸಿ. ಪೈಪ್ ಹಾಕಿ ಹಿಡಿ ಉದ್ದ ಮಾಡಿಕೊಂಡರೆ ಉಳಿದ ತುಂಡೂ ಬುಡಕ್ಕೇ ಮುರಿಯುತ್ತದೆ.

ಎರಡನೇ ದಾರಿ: ನಟ್ ವೆಲ್ಡಿಂಗ್

ನನ್ನನ್ನು ಕೇಳಿದರೆ ತುಕ್ಕು ಹಿಡಿದ ಸ್ಟಡ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸ್ಟಡ್ ಹೆಡ್‌ನ ಮಟ್ಟಕ್ಕೇ ಮುರಿದಿದ್ದರೂ ಆಗುತ್ತದೆ, ಒಂದೆರಡು ಮಿ.ಮೀ. ಒಳಗಿದ್ದರೂ ಕೈ ಪಳಗಿದವರು ಮಾಡುತ್ತಾರೆ. ಕಾರಣ ಸರಳ. ಹೊಸ ಹಿಡಿ ಸಿಗುತ್ತದೆ. ಜೊತೆಗೆ ಸ್ಟಡ್ ಒಳಗಿನಿಂದ ಕೆಂಪಗೆ ಕಾಯುತ್ತದೆ. ಕಾದ ಸ್ಟಡ್ ಹಿಗ್ಗಲು ನೋಡುತ್ತದೆ, ಸುತ್ತಲಿನ ಹೆಡ್ ಬಿಡುವುದಿಲ್ಲ. ಹಾಗಾಗಿ ತುಕ್ಕಿನ ಪದರ ನಡುವೆ ಸಿಕ್ಕಿ ಪುಡಿಯಾಗುತ್ತದೆ. ತಣಿದಾಗ ಸ್ಟಡ್ ಕುಗ್ಗಿ ಸಡಿಲವಾಗುತ್ತದೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ ಅನ್ನುವುದು ಇಲ್ಲಿನ ದೊಡ್ಡ ಅನುಕೂಲ.

ಮಿಗ್ ಅಥವಾ ಟಿಗ್ (ಗ್ಯಾಸ್ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್) ಯಂತ್ರ ಇರಬೇಕು. ಮಾಮೂಲಿ ಕಡ್ಡಿ ವೆಲ್ಡಿಂಗ್ ಇಷ್ಟು ಚಿಕ್ಕ ಜಾಗಕ್ಕೆ ಒರಟು. ವೆಲ್ಡಿಂಗ್ ಗೊತ್ತಿಲ್ಲದವರು ಮೊದಲ ಪಾಠವನ್ನು ಇಂಜಿನ್ ಮೇಲೆ ಕಲಿಯಬೇಡಿ. ಗೊತ್ತಿರುವವರನ್ನು ಕರೆಯಿರಿ, ಇದು ಹತ್ತು ನಿಮಿಷದ ಕೆಲಸ.

ಬ್ಯಾಟರಿಯ ಎರಡೂ ವೈರ್ ಬಿಚ್ಚಿರಲಿ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಗಾಡಿಯಾದರೆ ಅದರ ಪ್ಲಗ್ಗೂ ಬಿಚ್ಚಿ. ಅರ್ತ್ ಕ್ಲ್ಯಾಂಪನ್ನು ಫ್ರೇಮ್‌ಗೆ ಹಾಕಬೇಡಿ. ಹೆಡ್ ಮೇಲೇ, ಸ್ಟಡ್‌ಗೆ ಆದಷ್ಟು ಹತ್ತಿರ ಹಾಕಿ. ಕರೆಂಟ್ ಬೇರಿಂಗ್‌ಗಳ ಮೂಲಕ ಹಾದುಹೋದರೆ ಅವುಗಳ ಮೇಲೆ ಸುಟ್ಟ ಗುಳಿ ಬೀಳುತ್ತವೆ. ಎಕ್ಸಾಸ್ಟ್ ಬಾಯಿಯ ಬಟ್ಟೆಗೆ ಕಿಡಿ ಬೀಳದಂತೆ ಮೇಲೊಂದು ತಗಡು ಅಡ್ಡ ಇಡಿ.

ನಟ್ ಸ್ಟಡ್‌ಗಿಂತ ಒಂದು ಸೈಜ್ ದೊಡ್ಡದಿರಲಿ. ಎಂ6 ಸ್ಟಡ್‌ಗೆ ಎಂ8 ನಟ್, ಎಂ8ಕ್ಕೆ ಎಂ10. ತೂತು ಅಗಲವಿದ್ದರೆ ವೆಲ್ಡಿಂಗ್ ಟಾರ್ಚ್ ತುದಿ ಸ್ಟಡ್ ಮುಖಕ್ಕೆ ತಲುಪುತ್ತದೆ. ಸತುವಿನ ಲೇಪ ಇರುವ ಹೊಳೆಯುವ ನಟ್ ಬೇಡ. ಅದರ ಹೊಗೆ ಎದೆಗೆ ಕೆಟ್ಟದ್ದು, ವೆಲ್ಡಿಂಗೂ ನೊರೆ ನೊರೆಯಾಗುತ್ತದೆ. ಬೇರೆ ಸಿಗದಿದ್ದರೆ ಲೇಪವನ್ನು ಪೂರ್ತಿ ಉಜ್ಜಿ ತೆಗೆಯಿರಿ. ಸ್ಟಡ್ ಮಟ್ಟಕ್ಕೇ ಮುರಿದಿದ್ದರೆ ಮೊದಲು ಅದರ ನಡುವಿಗೆ ಬೊಟ್ಟಿನ ಹಾಗೆ ವೆಲ್ಡಿಂಗ್ ಇಟ್ಟು ಸ್ವಲ್ಪ ಮೇಲಕ್ಕೆ ಬೆಳೆಸಿ, ಆಮೇಲೆ ನಟ್ ಕೂರಿಸಿ. ನಟ್ ಒಳಗೆ ನಡುವಿನಿಂದ ಶುರು ಮಾಡಿ ಸುತ್ತುತ್ತಾ ತುಂಬಿ. ವೆಲ್ಡಿಂಗ್ ನಟ್‌ಗೆ ಮಾತ್ರ ಹಿಡಿದು ಸ್ಟಡ್‌ಗೆ ಹಿಡಿಯದಿರುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು.

ಕೆಂಪು ಆರುವ ತನಕ ಕಾಯಿರಿ. ಕೆಂಪಗಿರುವಾಗ ಉಕ್ಕು ಮೆತ್ತಗಿರುತ್ತದೆ, ತಿರುಗಿಸಿದರೆ ಕಿತ್ತುಬರುತ್ತದೆ. ಕೆಂಪು ಹೋಗಿ, ಇನ್ನೂ ಬಿಸಿ ಇರುವಾಗ ಮೇಣ ಒತ್ತಿ, ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸಿ. ನಟ್ ಕಿತ್ತುಬಂದರೆ ಬೇಜಾರಾಗಬೇಡಿ. ಮತ್ತೊಂದು ನಟ್ ಇಡಿ. ಮೂರನೇ ನಾಲ್ಕನೇ ನಟ್‌ಗೆ ಬರುವ ಸ್ಟಡ್‌ಗಳು ಬೇಕಾದಷ್ಟಿವೆ, ಪ್ರತಿ ಸಲದ ಬಿಸಿಯೂ ತುಕ್ಕನ್ನು ಇನ್ನಷ್ಟು ಒಡೆಯುತ್ತಿರುತ್ತದೆ.

ಮೂರನೇ ದಾರಿ: ಡ್ರಿಲ್

ವೆಲ್ಡಿಂಗ್ ಆಗದಿದ್ದರೆ ಅಥವಾ ಸೋತರೆ ಮಾತ್ರ ಇದು. ಇಲ್ಲಿ ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ತೂತು ನಡುವಿಗೆ ಬಿತ್ತಾ? ನಡುವಿಗೆ ಬಿದ್ದರೆ ಮುಂದಿನದೆಲ್ಲ ಸುಲಭ. ಬದಿಗೆ ಬಿದ್ದರೆ ಬಿಟ್ ಉಕ್ಕಿನಿಂದ ಜಾರಿ ಮೆತ್ತನೆಯ ಅಲ್ಯೂಮಿನಿಯಂ ಕಡೆಗೇ ಓಡುತ್ತದೆ. ಆಮೇಲೆ ಅದನ್ನು ಎಳೆದು ತರಲು ಆಗುವುದಿಲ್ಲ. ಹಾಗಾಗಿ ಒಟ್ಟು ಸಮಯದ ಅರ್ಧವನ್ನು ಡ್ರಿಲ್ ಮುಟ್ಟುವ ಮುಂಚೆಯೇ ಖರ್ಚು ಮಾಡಿ.

ಮುರಿದ ಮುಖ ಏರುಪೇರಾಗಿರುತ್ತದೆ. ಚಿಕ್ಕ ಅರ ಅಥವಾ ಡೈ ಗ್ರೈಂಡರ್‌ನಿಂದ ಅದನ್ನು ಸಮತಟ್ಟು ಮಾಡಿ. ಎಂ8 ಸ್ಟಡ್‌ನಲ್ಲಿ ಥ್ರೆಡ್ ಬುಡದ ದಪ್ಪ ಸುಮಾರು 6.5 ಮಿ.ಮೀ. ಮಾತ್ರ. 5 ಮಿ.ಮೀ. ತೂತು ಸರಿಯಾಗಿ ನಡುವಿಗೆ ಬಿದ್ದರೂ ಸುತ್ತ ಉಳಿಯುವ ಗೋಡೆ ಮುಕ್ಕಾಲು ಮಿ.ಮೀ. ಒಂದು ಮಿ.ಮೀ. ಬದಿಗೆ ಸರಿದರೆ ಆ ಕಡೆ ಗೋಡೆಯೇ ಇಲ್ಲ, ಹೆಡ್ ಥ್ರೆಡ್ ಕತ್ತರಿಸಿದಿರಿ.

ಸ್ಟಡ್ ಹೆಡ್ ಒಳಗೆ ಮೂರು ನಾಲ್ಕು ಮಿ.ಮೀ. ಕೆಳಗೆ ಮುರಿದಿದ್ದರೆ ಜನ ಗಾಬರಿಯಾಗುತ್ತಾರೆ. ನನಗೆ ಅದು ಖುಷಿ. ಯಾಕೆಂದರೆ ಮೇಲೆ ಖಾಲಿ ಉಳಿದ ಥ್ರೆಡ್ಡೇ ನಮಗೆ ದಾರಿ ತೋರಿಸುತ್ತದೆ. ಅದೇ ಸೈಜಿನ ಒಂದು ಬೋಲ್ಟ್ ತೆಗೆದುಕೊಂಡು, ಲೇತ್‌ನಲ್ಲಿ ಅದರ ಸರಿ ನಡುವೆ 3 ಮಿ.ಮೀ. ತೂತು ಕೊರೆಸಿ. ಅದನ್ನು ಸ್ಟಡ್ ಮುಖಕ್ಕೆ ತಾಗುವ ತನಕ ಕೈಯಲ್ಲಿ ತಿರುಗಿಸಿ ಕೂರಿಸಿ. ಈಗ ಆ ತೂತಿನೊಳಗೆ ಬಿಟ್ ಇಳಿಸಿದರೆ ನಡುವಿಗಲ್ಲದೆ ಬೇರೆಲ್ಲೂ ಹೋಗಲು ಜಾಗವೇ ಇಲ್ಲ.

ಮಟ್ಟಕ್ಕೇ ಮುರಿದಿದ್ದರೆ ಬೆಂಡ್ ಪೈಪಿನ ಫ್ಲೇಂಜನ್ನು (ಸ್ಟಡ್‌ಗಳಿಗೆ ಕೂರುವ ತೂತುಗಳಿರುವ ಪಟ್ಟಿ) ಬಳಸಿಕೊಳ್ಳಬಹುದು. ಅದನ್ನು ಇನ್ನೊಂದು ಸ್ಟಡ್‌ಗೆ ಹಾಕಿ ಬಿಗಿಯಿರಿ. ಮುರಿದ ಸ್ಟಡ್ ಮೇಲೆ ಬರುವ ಫ್ಲೇಂಜ್ ತೂತಿಗೆ ಸರಿಯಾಗಿ ಕೂರುವ, ನಡುವೆ 3 ಮಿ.ಮೀ. ತೂತಿರುವ ಬುಷ್ (ಲೋಹದ ಚಿಕ್ಕ ಕೊಳವೆ) ಮಾಡಿಸಿ ಇಡಿ. ಫ್ಲೇಂಜ್ ತೂತು ಸ್ಟಡ್‌ಗಿಂತ ದೊಡ್ಡದಿರುವುದರಿಂದ ಫ್ಲೇಂಜ್ ಅತ್ತಿತ್ತ ಸರಿಯಬಹುದು. ಹಾಗಾಗಿ ಬಿಗಿಯುವ ಮುಂಚೆ ಬುಷ್ ಮೂಲಕ ಇಣುಕಿ ನಡು ಸರಿ ಇದೆಯಾ ನೋಡಿಕೊಳ್ಳಿ.

ಬುಷ್ ಇಲ್ಲ, ಬರೀ ಕಣ್ಣಳತೆ ಅನ್ನುವುದಾದರೆ ಸೆಂಟರ್ ಪಂಚ್‌ನಿಂದ ಮೊದಲು ಹಗುರವಾಗಿ ಗುರುತು ಹಾಕಿ. ಭೂತಗನ್ನಡಿಯಲ್ಲಿ ನಾಲ್ಕೂ ಕಡೆಯಿಂದ ನೋಡಿ. ಬದಿಗೆ ಬಿದ್ದಿದ್ದರೆ ಪಂಚ್ ಓರೆ ಮಾಡಿ ನಡುವಿನ ಕಡೆಗೆ ತಳ್ಳಿ. ಸರಿ ಅನ್ನಿಸಿದ ಮೇಲಷ್ಟೇ ಗಟ್ಟಿಯಾಗಿ ಹೊಡೆಯಿರಿ.

ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಬಳಸಿ, ಡ್ರಿಲ್ ಹಿಂದಕ್ಕೆ ತಿರುಗುವಂತೆ ಇಟ್ಟು. ಕೊರೆಯುವ ಬಲವೇ ಸ್ಟಡ್ಡನ್ನು ಬಿಚ್ಚುವ ಕಡೆಗೆ ಎಳೆಯುತ್ತಿರುತ್ತದೆ. ಎಷ್ಟೋ ಸಲ 4 ಅಥವಾ 5 ಮಿ.ಮೀ. ಬಿಟ್ ಹಾಕಿದಾಗ ತುಂಡು ಬಿಟ್‌ಗೆ ಕಚ್ಚಿಕೊಂಡು ತಾನೇ ಹೊರಗೆ ಬರುತ್ತದೆ. ಮಾಮೂಲಿ ಬಿಟ್ ಆದರೆ ಕೋಬಾಲ್ಟ್ ಇರುವುದು, ಹೊಸದು, ಚೂಪಾಗಿರುವುದು ಬೇಕು. ಮೊಂಡ ಬಿಟ್ ಕೊರೆಯುವುದಿಲ್ಲ, ಉಜ್ಜುತ್ತದೆ. ಹಾಗೆ ಉಜ್ಜಿದರೆ ಕೆಲವು ಸ್ಟಡ್‌ಗಳ ಮುಖ ಗಾಜಿನ ಹಾಗೆ ಗಟ್ಟಿಯಾಗುತ್ತದೆ.

ನಿಧಾನ ವೇಗ, ಗಟ್ಟಿ ಒತ್ತಡ, ಮೇಲೆ ಕಟಿಂಗ್ ಎಣ್ಣೆ. 3 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸು ಸಾಕು, ದಪ್ಪ ಬಿಟ್‌ಗೆ ಇನ್ನೂ ಕಮ್ಮಿ. ಸುರುಳಿ ಸುರುಳಿಯಾಗಿ ಉಕ್ಕು ಹೊರಗೆ ಬರುತ್ತಿದ್ದರೆ ಎಲ್ಲ ಸರಿ ಇದೆ. ಕಿರ್ ಎಂದು ಸದ್ದು ಬಂದು ಏನೂ ಬರದಿದ್ದರೆ ನಿಲ್ಲಿಸಿ ಬಿಟ್ ಬದಲಿಸಿ. ಬೆಳ್ಳಗಿನ, ಮೆತ್ತನೆಯ ಚೂರು ಕಂಡರೆ ತಕ್ಷಣ ನಿಲ್ಲಿಸಿ, ನೀವು ಅಲ್ಯೂಮಿನಿಯಂ ಕೊರೆಯುತ್ತಿದ್ದೀರಿ. ಜೊತೆಗೊಬ್ಬರು ಇದ್ದರೆ ಪಕ್ಕದಿಂದ ಡ್ರಿಲ್ ನೇರ ಇದೆಯಾ ನೋಡಲು ಹೇಳಿ. ನೀವು ಒಂದು ಕಡೆಯಿಂದ ನೋಡುತ್ತೀರಿ, ಇನ್ನೊಂದು ಕಡೆಗೆ ವಾಲಿದ್ದು ನಿಮಗೆ ಕಾಣುವುದಿಲ್ಲ.

ಬರೆದಿಟ್ಟ ಉದ್ದಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ. ಬುಷ್ ಅಥವಾ ಬೋಲ್ಟ್ ಇಟ್ಟಿದ್ದರೆ ಅದರ ಉದ್ದವನ್ನೂ ಸೇರಿಸಿ. ಅದಕ್ಕಿಂತ ಆಳ ಹೋದರೆ ಆಚೆ ಏನಿದೆ ಅನ್ನುವುದು ಇಂಜಿನ್ ಮೇಲೆ ಹೋಗುತ್ತದೆ: ಬರೀ ಫಿನ್ ಇರಬಹುದು, ನೀರಿನ ದಾರಿ ಇರಬಹುದು.

ಎಂ8 ಸ್ಟಡ್‌ಗೆ ನಾನು ಹೋಗುವ ಕ್ರಮ: 3, 4, 5, 6, ಕೊನೆಗೆ 6.8. ಎಂ6 ಆದರೆ 2.5, 3.5, 4.2, ಕೊನೆಗೆ 5. ಪ್ರತಿ ಬಿಟ್ ಆದ ಮೇಲೆ ಹೆಡ್ ಕಾಯಿಸಿ ತುಂಡು ಸಡಿಲವಾಯಿತಾ ನೋಡಿ. ಒಳಗೆ ಪೊಳ್ಳಾದಷ್ಟೂ ಸ್ಟಡ್‌ನ ಬಿಗಿತ ಇಳಿಯುತ್ತದೆ. ಕೊನೆಯ ಬಿಟ್ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕುವ ಮುಂಚಿನ ತೂತಿನ ಅಳತೆಯೇ. ಹಾಗಾಗಿ ನಡು ಸರಿ ಇದ್ದರೆ ಹೆಡ್‌ನ ಥ್ರೆಡ್‌ಗೆ ಪೆಟ್ಟಾಗುವುದಿಲ್ಲ. ಸ್ಟಡ್‌ನಲ್ಲಿ ಉಳಿಯುವುದು ಸ್ಪ್ರಿಂಗ್‌ನಂಥ ತೆಳು ಸುರುಳಿ ಮಾತ್ರ. ಚೂಪು ಮೊನೆಯಿಂದ ಅದರ ತುದಿ ಎಬ್ಬಿಸಿ, ಮೂಗು ಉದ್ದದ ಪ್ಲೈಯರ್‌ನಿಂದ ಎಳೆದು ತೆಗೆಯಿರಿ. ಆಮೇಲೆ ಅದೇ ಸೈಜಿನ ಟ್ಯಾಪ್‌ಗೆ ಎಣ್ಣೆ ಹಚ್ಚಿ ಕೈಯಲ್ಲಿ ಇಳಿಸಿ. ಹಳೆಯ ಥ್ರೆಡ್‌ಗೆ ಸರಿಯಾಗಿ ಕೂತಿತಾ ಅಂತ ಮೊದಲ ಎರಡು ಸುತ್ತು ಬೆರಳಲ್ಲೇ ನೋಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಗಟ್ಟಿಯಾದರೆ ತೆಗೆದು ಪುಡಿ ಊದಿ.

ಎಕ್ಸ್‌ಟ್ರಾಕ್ಟರ್ ಬಗ್ಗೆ ಎರಡು ಮಾತು

ತೂತು ಕೊರೆದು ಒಳಗೆ ತಿರುಗಿಸುವ ಸುರುಳಿ ಎಕ್ಸ್‌ಟ್ರಾಕ್ಟರ್ ಎಲ್ಲರ ಡಬ್ಬಿಯಲ್ಲೂ ಇರುತ್ತದೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಸ್ವಲ್ಪ ಯೋಚಿಸಿ: ಪೂರ್ತಿ ದಪ್ಪದ ಸ್ಟಡ್ಡೇ ತಿರುಗದೆ ಮುರಿಯಿತು ಅಲ್ವಾ? ಅದರ ಹೊಟ್ಟೆಯೊಳಗೆ ಹಿಡಿಯುವ ಸಣ್ಣ ಕಡ್ಡಿ ತಿರುಗಿಸುತ್ತದಾ? ಮೇಲಾಗಿ ಅದು ಬೆಣೆಯ ಹಾಗೆ ಒಳಗಿನಿಂದ ಸ್ಟಡ್ಡನ್ನು ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ.

ನನ್ನದೇ ಅನುಭವ. ಎಂ6 ಸ್ಟಡ್ ಒಂದರಲ್ಲಿ ‘ಇನ್ನೊಂದು ಕಾಲು ಸುತ್ತು’ ಅಂತ ಒತ್ತಿದೆ. ಟಿಕ್ ಎಂದು ಎಕ್ಸ್‌ಟ್ರಾಕ್ಟರ್ ಒಳಗೇ ಮುರಿಯಿತು. ಅದು ಗಟ್ಟಿ ಮಾಡಿದ ಉಕ್ಕು, ಮಾಮೂಲಿ ಬಿಟ್ ಅದರ ಮೇಲೆ ಗೀರೂ ಹಾಕುವುದಿಲ್ಲ. ಕೊನೆಗೆ ಹೆಡ್ ಇಳಿಸಿ ಸ್ಪಾರ್ಕ್ ಎರೋಶನ್ ಯಂತ್ರ ಇರುವ ವರ್ಕ್‌ಶಾಪಿಗೆ ಹೊರಬೇಕಾಯಿತು. ಅಲ್ಲಿ ವಿದ್ಯುತ್ ಕಿಡಿಯಿಂದ ಉಕ್ಕನ್ನು ಚೂರು ಚೂರೇ ತಿನ್ನಿಸಿ ತೆಗೆಯುತ್ತಾರೆ. ಹೆಡ್‌ಗೆ ಏನೂ ಆಗಲಿಲ್ಲ, ಆದರೆ ಒಂದು ಸ್ಟಡ್‌ಗಾಗಿ ಅರ್ಧ ಇಂಜಿನ್ ಬಿಚ್ಚಿದ್ದಾಯಿತು.

ಒಂದು ವಿನಾಯಿತಿ ಇದೆ. ಸ್ಟಡ್ ತುಕ್ಕಿನಿಂದಲ್ಲ, ಅತಿಯಾಗಿ ಬಿಗಿದು ಅಥವಾ ನಡುಗಿ ಬಳಲಿ ಮುರಿದಿದ್ದರೆ ಒಳಗಿನ ಥ್ರೆಡ್ ಸಡಿಲವೇ ಇರುತ್ತದೆ. ಆಗ ಹೆಡ್ ಬಿಸಿ ಮಾಡಿ, ಚಿಕ್ಕ ಟಿ ಹಿಡಿಯಲ್ಲಿ ಎಕ್ಸ್‌ಟ್ರಾಕ್ಟರ್ ಪ್ರಯತ್ನಿಸಬಹುದು. ಬೆರಳಿನ ಬಲಕ್ಕೆ ಬಾರದಿದ್ದರೆ ಬಿಟ್ಟುಬಿಡಿ.

ಮುರಿದ ಟ್ಯಾಪ್ ತೆಗೆಯಲು ಬಿಸಿ ಪಟಿಕದ ನೀರು ಬಳಸುವುದನ್ನು ಕೇಳಿರಬಹುದು. ನಿಜ, ಅದು ಉಕ್ಕನ್ನು ಕರಗಿಸುತ್ತದೆ, ಅಲ್ಯೂಮಿನಿಯಂ ಉಳಿಯುತ್ತದೆ. ಆದರೆ ಹೆಡ್‌ನಲ್ಲಿರುವ ವಾಲ್ವ್ ಸೀಟ್ ಸಾಮಾನ್ಯವಾಗಿ ಕಬ್ಬಿಣದ್ದೇ. ಪೂರ್ತಿ ಹೆಡ್ ಮುಳುಗಿಸಿದರೆ ಅದನ್ನೂ ತಿನ್ನುತ್ತದೆ.

ನಡು ತಪ್ಪಿದರೆ: ಹೆಲಿಕಾಯಿಲ್

ಹೆಡ್‌ನ ಥ್ರೆಡ್ ಹಾಳಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯಲಿಲ್ಲ. ತೂತು ದೊಡ್ಡದು ಮಾಡಿ, ಹೆಲಿಕಾಯಿಲ್ ಎನ್ನುವ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸಿ, ಮೂಲ ಸೈಜಿನ ಸ್ಟಡ್ಡನ್ನೇ ಹಾಕಬಹುದು. ಅಲ್ಯೂಮಿನಿಯಂನಲ್ಲಿ ಇದು ಮೂಲ ಥ್ರೆಡ್‌ಗಿಂತ ಗಟ್ಟಿ.

ಎಂ8ಕ್ಕೆ ತೂತು ಸುಮಾರು 8.3 ಮಿ.ಮೀ., ಎಂ6ಕ್ಕೆ ಸುಮಾರು 6.3. ಕಿಟ್ ಮೇಲೆ ಬರೆದ ಅಳತೆಯೇ ಅಂತಿಮ. ಟ್ಯಾಪ್ ಕೂಡ ಕಿಟ್‌ನಲ್ಲಿ ಬಂದದ್ದೇ ಆಗಬೇಕು. ನಡು ತಪ್ಪಿದ ತೂತನ್ನು ಕೈ ಡ್ರಿಲ್‌ನಿಂದ ದೊಡ್ಡದು ಮಾಡಿದರೆ ಬಿಟ್ ಹಳೆಯ ತಪ್ಪು ದಾರಿಯಲ್ಲೇ ಹೋಗುತ್ತದೆ. ಉಳಿದ ಉಕ್ಕನ್ನು ಮೊದಲು ಕಾರ್ಬೈಡ್ ಬರ್‌ನಿಂದ ತಿಂದು ತೆಗೆಯಬೇಕು. ಒಂದು ಮಿ.ಮೀ.ಗಿಂತ ಜಾಸ್ತಿ ಬದಿಗೆ ಹೋಗಿದ್ದರೆ ಹೆಡ್ ಇಳಿಸಿ ಮಿಲ್ಲಿಂಗ್ ಯಂತ್ರಕ್ಕೆ ಕೊಡುವುದೇ ಮೇಲು.

ಟ್ಯಾಪ್ ಹಾಕಿ, ಪುಡಿ ಊದಿ, ಸುರುಳಿಯನ್ನು ಉಪಕರಣಕ್ಕೆ ಸಿಕ್ಕಿಸಿ ತಿರುಗಿಸಿ ಇಳಿಸಿ. ಕೆಳಕ್ಕೆ ಒತ್ತಬೇಡಿ, ಥ್ರೆಡ್ ತಾನೇ ಎಳೆದುಕೊಳ್ಳಲಿ. ಮೇಲ್ತುದಿ ಹೆಡ್ ಮಟ್ಟಕ್ಕಿಂತ ಕಾಲಿನಿಂದ ಅರ್ಧ ಸುತ್ತು ಕೆಳಗೆ ನಿಲ್ಲಬೇಕು. ಕೆಳಗಿನ ಅಡ್ಡ ಕಡ್ಡಿಯನ್ನು ಪಂಚ್‌ನಿಂದ ಟಕ್ ಎಂದು ಮುರಿದು ಹೊರತೆಗೆಯಿರಿ.

ಹೊಸ ಸ್ಟಡ್ ಹಾಕುವುದು

ತೂತಿನ ತಳದಲ್ಲಿ ಎಣ್ಣೆ, ಪುಡಿ ಇರಬಾರದು. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದು ಸ್ಟಡ್ ತಿರುಗಿಸಿದರೆ, ಎಣ್ಣೆಗೆ ಹೋಗಲು ಜಾಗವಿಲ್ಲದೆ ಹೆಡ್ಡೇ ಬಿರುಕು ಬಿಡಬಹುದು. ಸ್ಟಡ್ಡನ್ನು ಕೈಯಲ್ಲಿ ಕೊನೆಯವರೆಗೆ ತಿರುಗಿಸಿ, ಎರಡು ನಟ್ ಹಾಕಿ ಹಗುರವಾಗಿ ಬಿಗಿದರೆ ಸಾಕು. ಎರಡೂ ತುದಿಗೆ ತಾಮ್ರ ಅಥವಾ ನಿಕಲ್ ಇರುವ ಆ್ಯಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ ಹಚ್ಚಿ. ಮಾಮೂಲಿ ಗ್ರೀಸ್ ಸುಟ್ಟು ಕರಕಲಾಗುತ್ತದೆ. ಥ್ರೆಡ್ ಸಡಿಲವಾಗದಂತೆ ಹಚ್ಚುವ ಮಾಮೂಲಿ ಥ್ರೆಡ್ ಲಾಕ್ ಅಂಟು ಈ ಬಿಸಿಗೆ ಸೋಲುತ್ತದೆ.

ಪಕ್ಕದ ಸ್ಟಡ್ ತುಕ್ಕು ತಿಂದು ಸಣಕಲಾಗಿದ್ದರೆ ಅದನ್ನೂ ಈಗಲೇ ಬಿಸಿ ಮಾಡಿ ಬದಲಿಸಿ. ಗಟ್ಟಿಮುಟ್ಟಾಗಿದ್ದರೆ ಸುಮ್ನೆ ಕೆಣಕಬೇಡಿ.

ಎಕ್ಸಾಸ್ಟ್ ಬಾಯಿಯ ಬಟ್ಟೆ ತೆಗೆಯಿರಿ. ಇದಕ್ಕೇ ತುದಿ ಹೊರಗೆ ಬಿಡಿ ಎಂದಿದ್ದು. ಬಟ್ಟೆ ಒಳಗೇ ಬಿಟ್ಟು ಪೈಪ್ ಹಾಕಿ, ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಕಾರ್ಬುರೇಟರ್ ಬಿಚ್ಚಿದವರಿದ್ದಾರೆ. ಅವರಲ್ಲೊಬ್ಬರು ಇದನ್ನು ಬರೆಯುತ್ತಿದ್ದಾರೆ. ಬಟ್ಟೆ ತೆಗೆಯುವಾಗ ಪುಡಿ ಒಳಗೆ ಉದುರದಂತೆ ಮೊದಲು ವ್ಯಾಕ್ಯೂಮ್‌ನಿಂದ ಸುತ್ತ ಎಳೆದುಬಿಡಿ.

ಪೈಪ್ ಮತ್ತು ಹೆಡ್ ನಡುವೆ ಹೊಸ ಪ್ಯಾಕಿಂಗ್ ಹಾಕಿ. ಪೈಪ್ ಕೂರಿಸಿ ಫ್ಲೇಂಜ್ ನಟ್‌ಗಳನ್ನೂ ಸೈಲೆನ್ಸರ್ ಬೋಲ್ಟನ್ನೂ ಕೈಯಲ್ಲಿ ಮಾತ್ರ ಬಿಗಿಯಿರಿ. ಆಮೇಲೆ ಫ್ಲೇಂಜ್ ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ, ಫ್ಲೇಂಜ್ ವಾಲದಂತೆ. ಸೈಲೆನ್ಸರ್ ಬೋಲ್ಟ್ ಕೊನೆಗೆ. ಕ್ರಮ ಉಲ್ಟಾ ಆದರೆ ಪೈಪ್ ಎಳೆತದಲ್ಲಿ ಕೂತು, ಆ ಎಳೆತವನ್ನೆಲ್ಲ ಸ್ಟಡ್ ಹೊರಬೇಕಾಗುತ್ತದೆ. ಬಿಗಿತ ಎಂ6ಕ್ಕೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, ಎಂ8ಕ್ಕೆ 20ರ ಆಸುಪಾಸು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಆ ಅಂಕಿ ಒಣ ಥ್ರೆಡ್‌ಗೆ ಕೊಟ್ಟದ್ದಾದರೆ, ಆ್ಯಂಟಿ ಸೀಜ್ ಹಚ್ಚಿದಾಗ ಸ್ವಲ್ಪ ಕಮ್ಮಿಯೇ ಸಾಕು.

ಇಂಜಿನ್ ಸ್ಟಾರ್ಟ್ ಮಾಡಿ, ತಣ್ಣಗಿರುವಾಗಲೇ ಫ್ಲೇಂಜ್ ಹತ್ತಿರ ಕೈ ಹಿಡಿಯಿರಿ. ಚುಕ್ ಚುಕ್ ಎಂದು ಗಾಳಿ ಬಡಿದರೆ ಸೋರುತ್ತಿದೆ. ಒಂದು ಸುತ್ತು ಓಡಿಸಿ ಬಂದು, ಪೂರ್ತಿ ತಣಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚ್‌ನಲ್ಲಿ ನೋಡಿ. ಹೊಸ ಪ್ಯಾಕಿಂಗ್ ಬಿಸಿಗೆ ಕೂತಿರುವುದರಿಂದ ಸ್ವಲ್ಪ ತಿರುಗುವುದು ಸಹಜ. ಕೆಲವು ದಿನ ಬಿಟ್ಟು ಫ್ಲೇಂಜ್ ಸುತ್ತ ಕಣ್ಣಾಡಿಸಿ. ಕರಿ ಮಸಿ ಕಂಡರೆ ನಟ್ಟನ್ನು ಇನ್ನೂ ಬಿಗಿಯಲು ಹೋಗಬೇಡಿ, ಪೈಪ್ ಸಡಿಲಿಸಿ ಪ್ಯಾಕಿಂಗ್ ಸರಿಯಾಗಿ ಕೂತಿದೆಯಾ ನೋಡಿ.